ಮಿನಿ ಕೂಪರ್ ಎಸ್ (ಆರ್53): ಮೂತಿ ಬಿಚ್ಚಿ ಮಾಡುವ ಸೂಪರ್‌ಚಾರ್ಜರ್ ಕೆಲಸ

ಗಾಡಿ 2004ರ ಮಿನಿ ಕೂಪರ್ ಎಸ್. ಆಕ್ಸ್‌ಫರ್ಡ್‌ನ ಕೌಲಿ ಕಾರ್ಖಾನೆಯಲ್ಲಿ ತಯಾರಾದ ಮೊದಲ ತಲೆಮಾರಿನ ಬಿಎಂಡಬ್ಲ್ಯು ಮಿನಿ, ಬಲ್ಲವರು ಕರೆಯುವುದು ಆರ್53 ಎಂದು. ದೂರು ನಾಲ್ಕು. ಕೂಲೆಂಟ್ (ಎಂಜಿನ್ ತಣಿಸುವ ದ್ರವ) ಮೆಲ್ಲಗೆ ಕಮ್ಮಿಯಾಗುತ್ತಿದೆ, ಆದರೆ ನೆಲದ ಮೇಲೆ ಹನಿ ಕಾಣುವುದಿಲ್ಲ. ಎಂಜಿನ್ನಿನ ಮುಂಭಾಗದ ಕೆಳಗೆ ಎಣ್ಣೆ ಪಸೆ ಇದೆ. ಐಡಲ್‌ನಲ್ಲಿ (ರೇಸ್ ಕೊಡದೆ ಎಂಜಿನ್ ಓಡುವಾಗ) ಬಲಗಡೆಯಿಂದ ಕಟಕಟ ಸದ್ದು ಬರುತ್ತದೆ, ಸ್ವಲ್ಪ ರೇಸ್ ಕೊಟ್ಟರೆ ಇಲ್ಲವಾಗುತ್ತದೆ. ಟ್ರಾಫಿಕ್‌ನಲ್ಲಿ ನಿಂತಾಗ ಟೆಂಪರೇಚರ್ ಮುಳ್ಳು ಮೇಲೇರುತ್ತದೆ, ತುಂಬಾ ತಡವಾಗಿ ಫ್ಯಾನ್ ಒಮ್ಮೆಲೇ ಪೂರ್ತಿ ಜೋರಿನಲ್ಲಿ ತಿರುಗುತ್ತದೆ.

ನಾಲ್ಕಕ್ಕೂ ಉತ್ತರ ಹೆಚ್ಚುಕಡಿಮೆ ಒಂದೇ ಜಾಗದಲ್ಲಿದೆ: ರೇಡಿಯೇಟರಿಗೂ ಎಂಜಿನ್ ಬ್ಲಾಕಿಗೂ ನಡುವಿನ, ಕೈ ತೂರದ ಸಂದಿನಲ್ಲಿ. ಇಲ್ಲಿ ಎಡ, ಬಲ ಎಂದು ಬರೆದದ್ದೆಲ್ಲ ಸೀಟಿನಲ್ಲಿ ಕೂತು ಮುಂದೆ ನೋಡುವವರ ಎಡ, ಬಲ.

ಬಿಚ್ಚುವ ಮೊದಲು ಈ ಸಂದು ಯಾಕೆ ಇಷ್ಟು ಕಿರಿದು ಎಂದು ತಿಳಿದಿರುವುದು ಒಳ್ಳೆಯದು. ಈ ಗಾಡಿಯ ರೋಗಗಳಲ್ಲಿ ಅರ್ಧಕ್ಕರ್ಧ ಆ ಕಾರಣದಿಂದಲೇ ಅರ್ಥವಾಗುತ್ತವೆ.

ಅಲೆಕ್ ಇಸಿಗೊನಿಸ್ ರೂಪಿಸಿದ 1959ರ ಮೂಲ ಮಿನಿಯ ಉದ್ದ ಸುಮಾರು 3.05 ಮೀಟರ್. ಅಲ್ಲಿ ಯಂತ್ರವೇ ರೂಪವನ್ನು ನಿರ್ಧರಿಸಿತ್ತು: ಎಂಜಿನ್ನನ್ನು ಅಡ್ಡಲಾಗಿ ಕೂರಿಸಿ, ಗೇರ್‌ಬಾಕ್ಸನ್ನು ಅದರ ಕೆಳಗೆ ಎಣ್ಣೆ ಸಂಪಿನಲ್ಲೇ ಇಟ್ಟು, 10 ಇಂಚಿನ ಚಕ್ರ ಹಾಕಿ ಜಾಗ ಉಳಿಸಿದ್ದರು. ಹೊಸ ಮಿನಿಯಲ್ಲಿ ಲೆಕ್ಕ ತಿರುಗಿತು. 1994ರಲ್ಲಿ ಬಿಎಂಡಬ್ಲ್ಯು ಮಿನಿಯ ಒಡೆತನವಿದ್ದ ರೋವರ್ ಗುಂಪನ್ನು ಕೊಂಡುಕೊಂಡಿತು. 1995ರಲ್ಲಿ ಇಂಗ್ಲೆಂಡಿನ ಗೇಡನ್‌ನಲ್ಲಿ ಬೇರೆ ಬೇರೆ ತಂಡಗಳ ಮಾದರಿಗಳನ್ನು ಸಾಲಾಗಿ ನಿಲ್ಲಿಸಿದಾಗ ಫ್ರಾಂಕ್ ಸ್ಟೀಫನ್‌ಸನ್ ವಿನ್ಯಾಸ ಆಯ್ಕೆಯಾಯಿತು. 1959ರ ಕಾರು ಹತ್ತು ವರ್ಷಕ್ಕೊಮ್ಮೆ ಹೊಸದಾಗುತ್ತಾ ಬಂದಿದ್ದರೆ ಈಗ ಹೇಗಿರುತ್ತಿತ್ತು ಎಂಬ ಎಣಿಕೆಯಿಂದ ಹುಟ್ಟಿದ ರೂಪ ಅದು. ಚಕ್ರಗಳು ನಾಲ್ಕು ಮೂಲೆಗೆ, ಮೂತಿ ಚಿಕ್ಕದು, ದುಂಡನೆಯ ಹೆಡ್‌ಲೈಟ್, ನೆಟ್ಟಗಿನ ಗಾಜು, ಕಂಬಗಳಿಲ್ಲದೆ ತೇಲುವಂತೆ ಕಾಣುವ ಮಾಡು. 2000ದಲ್ಲಿ ರೋವರನ್ನು ಮಾರಿದಾಗ ಬಿಎಂಡಬ್ಲ್ಯು ಮಿನಿಯನ್ನು ಮಾತ್ರ ಉಳಿಸಿಕೊಂಡಿತು. 2001ರ ಏಪ್ರಿಲ್‌ನಲ್ಲಿ ಆಕ್ಸ್‌ಫರ್ಡ್‌ನಲ್ಲಿ ಉತ್ಪಾದನೆ ಶುರುವಾಯಿತು, ಜುಲೈ 7ರಂದು ಬ್ರಿಟನ್‌ನಲ್ಲಿ ಮಾರಾಟ.

ಕೂಪರ್ ಎಸ್‌ನ ಉದ್ದ 3655 ಮಿ.ಮೀ., ಮುಂದಿನ ಹಿಂದಿನ ಚಕ್ರಗಳ ನಡುವಿನ ಅಂತರ 2467 ಮಿ.ಮೀ. ಮುಂದೆ ಹಿಂದೆ ಎರಡೂ ಸೇರಿ ಚಕ್ರದ ನಡುವಿನಿಂದ ಆಚೆ ಉಳಿಯುವುದು 1188 ಮಿ.ಮೀ. ಮಾತ್ರ. ಅದರ ಮುಂದಿನ ಪಾಲಿನಲ್ಲಿ ಬಂಪರ್, ಗುದ್ದಿನ ಪೆಟ್ಟು ನುಂಗುವ ಟ್ಯೂಬು, ಎಸಿ ಕಂಡೆನ್ಸರ್, ರೇಡಿಯೇಟರ್, ಫ್ಯಾನ್ ಎಲ್ಲ ಕೂರಬೇಕು. ಎಂಜಿನ್ ಟ್ರೈಟೆಕ್, 1598 ಸಿಸಿ. ರೋವರ್ ಬಿಎಂಡಬ್ಲ್ಯು ಕೈಯಲ್ಲಿದ್ದಾಗ ಕ್ರೈಸ್ಲರ್ ಜೊತೆ ಸೇರಿ ಬ್ರೆಜಿಲ್‌ನ ಕಾಂಪೊ ಲಾರ್ಗೊದಲ್ಲಿ ಹಾಕಿದ ಕಾರ್ಖಾನೆಯದು. ಎರಕದ ಕಬ್ಬಿಣದ ಬ್ಲಾಕ್, ಅಲ್ಯುಮಿನಿಯಂ ಹೆಡ್, ಒಂದೇ ಕ್ಯಾಮ್‌ಶಾಫ್ಟ್, 16 ವಾಲ್ವ್. ಸಾಮಾನ್ಯ ಕೂಪರ್‌ನಲ್ಲಿ ಇದು ಆರಾಮಾಗಿ ಕೂರುತ್ತದೆ. ಎಸ್‌ನಲ್ಲಿ ಅದರ ಮುಂಭಾಗಕ್ಕೆ ಈಟನ್ ಎಂ45 ಎಂಬ, ಬೆಲ್ಟಿನಿಂದ ತಿರುಗಿ ಎಂಜಿನ್ನಿಗೆ ಹೆಚ್ಚು ಗಾಳಿ ಒತ್ತುವ ಸೂಪರ್‌ಚಾರ್ಜರನ್ನೂ ತುರುಕಿದ್ದಾರೆ. ಜಾಗ ಸಾಲದೆ ಬ್ಯಾಟರಿ ಹಿಂದಿನ ಡಿಕ್ಕಿಗೆ ಹೋಯಿತು, ಇಂಟರ್‌ಕೂಲರ್ (ಆ ಗಾಳಿಯನ್ನು ತಣಿಸುವ ಭಾಗ) ಎಂಜಿನ್ನಿನ ತಲೆಯ ಮೇಲೆ ಮಲಗಿತು, ಅದಕ್ಕೆ ಗಾಳಿ ಕೊಡಲು ಬಾನೆಟ್‌ಗೆ ಬಾಯಿ ಬಂತು. ಈ ಗಾಡಿಯಲ್ಲಿ ಆ ಬಾಯಿ ಅಲಂಕಾರದ್ದಲ್ಲ, ನಿಜವಾಗಿ ಕೆಲಸ ಮಾಡುತ್ತದೆ. ವಾಟರ್ ಪಂಪ್ ಇರಬೇಕಾದ ಕಡೆ ಸೂಪರ್‌ಚಾರ್ಜರ್ ಬಂದದ್ದರಿಂದ ಪಂಪನ್ನು ಸೂಪರ್‌ಚಾರ್ಜರಿನ ಎಡತುದಿಗೇ ಜೋಡಿಸಿದರು. ಬೆಲ್ಟ್ ಬಲತುದಿಯ ಪುಲ್ಲಿಯನ್ನು ತಿರುಗಿಸುತ್ತದೆ, ಎಡತುದಿಯಲ್ಲಿ ಸಣ್ಣ ಗೇರ್ ಪೆಟ್ಟಿಗೆಯೊಂದು ವೇಗ ಇಳಿಸಿ ಪಂಪನ್ನು ತಿರುಗಿಸುತ್ತದೆ.

ಈ ಸಣ್ಣ ಗೇರ್ ಪೆಟ್ಟಿಗೆಯೇ ಆರ್53ರ ಮರ್ಮಸ್ಥಾನ. ಅದರಲ್ಲಿರುವ ಎಣ್ಣೆ ಬಹಳ ಸ್ವಲ್ಪ. ‘ಆಜೀವ ಎಣ್ಣೆ’ ಎಂದು ಕಾರ್ಖಾನೆ ಅದನ್ನು ಬದಲಿಸುವ ಅವಧಿಯನ್ನೇ ಇಟ್ಟಿಲ್ಲ. ಎಣ್ಣೆ ಸುಟ್ಟು ಒಣಗಿದರೆ ಗೇರಿನ ಹಲ್ಲು ಸವೆಯುತ್ತದೆ, ಕೊನೆಗೆ ಪಂಪ್ ನಿಲ್ಲುತ್ತದೆ. ಬೆಲ್ಟ್ ಚೆನ್ನಾಗಿಯೇ ಓಡುತ್ತಿರುತ್ತದೆ, ಪವರ್ ಇರುತ್ತದೆ, ಬ್ಯಾಟರಿ ದೀಪವೂ ಹತ್ತುವುದಿಲ್ಲ. ನೀರು ಮಾತ್ರ ಓಡುವುದಿಲ್ಲ. ಗೊತ್ತಾಗುವಷ್ಟರಲ್ಲಿ ಹೆಡ್ ಗ್ಯಾಸ್ಕೆಟ್ ಹೋಗಿರುತ್ತದೆ. ಆದ್ದರಿಂದ 1,50,000 ಕಿ.ಮೀ. ದಾಟಿದ, ಹಳೆಯ ರಶೀದಿ ಇಲ್ಲದ ಆರ್53 ಕೈಗೆ ಬಂದರೆ ಸದ್ದು ಇದ್ದರೂ ಇಲ್ಲದಿದ್ದರೂ ಈ ಕೆಲಸ ಮಾಡಲೇಬೇಕು ಎಂಬುದು ನಮ್ಮ ಖಚಿತ ಅಭಿಪ್ರಾಯ.

ಸಾಮಾನು

ಮೂತಿ ಒಮ್ಮೆ ಬಿಚ್ಚಿದರೆ ಸಂದಿನಲ್ಲಿರುವುದನ್ನೆಲ್ಲ ಮುಗಿಸಿಯೇ ಮುಚ್ಚಬೇಕು. ಅದಕ್ಕೆ ತಕ್ಕಂತೆ ತರಿಸಿಟ್ಟುಕೊಳ್ಳಬೇಕಾದದ್ದು: ವಾಟರ್ ಪಂಪ್ ಒಂದು, ಅದರ ಸೋರಿಕೆ ತಡೆಯುವ ರಬ್ಬರ್ ಓ-ರಿಂಗ್‌ಗಳ ಸಮೇತ; ಕೂಲೆಂಟಿನ ದಾರಿ ತೆರೆದು ಮುಚ್ಚುವ ಥರ್ಮೋಸ್ಟಾಟ್ ಮತ್ತು ಅದರ ಹೌಸಿಂಗ್; ಸೂಪರ್‌ಚಾರ್ಜರ್ ಎಣ್ಣೆ 118 ಮಿ.ಲೀ.ನ ಎರಡು ಬಾಟಲಿ, ಸೂಪರ್‌ಚಾರ್ಜರ್ ಗ್ಯಾಸ್ಕೆಟ್‌ಗಳು, ಇಂಟರ್‌ಕೂಲರಿನ ಎರಡು ರಬ್ಬರ್ ಬೂಟು, ಎಂಜಿನ್ನಿನ ತಿರುಗುವಿಕೆ ಅಳೆಯುವ ಕ್ರ್ಯಾಂಕ್ ಸೆನ್ಸರಿನ ಓ-ರಿಂಗ್, ಆಯಿಲ್ ಫಿಲ್ಟರ್ ಹೌಸಿಂಗ್ ಗ್ಯಾಸ್ಕೆಟ್, ಬೆಲ್ಟ್, ಸ್ಪಾರ್ಕ್ ಪ್ಲಗ್ ನಾಲ್ಕು, ಫ್ಯಾನಿನ ರೆಸಿಸ್ಟರ್, ಎಂಜಿನ್ ಎಣ್ಣೆ ಐದು ಲೀಟರ್ ಕ್ಯಾನ್ (ಹಿಡಿಯುವುದು ಸುಮಾರು 4.5 ಲೀಟರ್), ಫಿಲ್ಟರ್, ಬಿಎಂಡಬ್ಲ್ಯುಗೆ ಹೊಂದುವ ನೀಲಿ ಕೂಲೆಂಟ್ 3 ಲೀಟರ್, ಡಿಸ್ಟಿಲ್ಡ್ ವಾಟರ್ 3 ಲೀಟರ್.

ಸೂಪರ್‌ಚಾರ್ಜರಿಗೆ ಗೇರ್ ಆಯಿಲ್ ಅಥವಾ ಎಂಜಿನ್ ಆಯಿಲ್ ಹಾಕುವ ಪ್ರಲೋಭನೆ ಬೇಡ. ಈಟನ್ ಬಗೆಯ ಸೂಪರ್‌ಚಾರ್ಜರಿಗೆಂದೇ ಸಣ್ಣ ಬಾಟಲಿಯಲ್ಲಿ ಸಿಗುವ ಸಿಂಥೆಟಿಕ್ ಎಣ್ಣೆಯನ್ನೇ ಹಾಕಬೇಕು. ಒಳಗಿನ ಗೇರುಗಳು ಎಂಜಿನ್ನಿನ ಸುಮಾರು ಎರಡರಷ್ಟು ವೇಗದಲ್ಲಿ ತಿರುಗುತ್ತವೆ, ನೊರೆ ಏಳುವ ಎಣ್ಣೆ ಅಲ್ಲಿ ನಿಲ್ಲುವುದಿಲ್ಲ.

ಉಪಕರಣಗಳಲ್ಲಿ ಟಾರ್ಕ್ಸ್ ಬಿಟ್‌ಗಳು ಮತ್ತು ಬೆಲ್ಟ್ ಟೆನ್ಷನರ್ ಒತ್ತುವ ಉದ್ದ ಹಿಡಿಯ ಸನ್ನೆ, ಇವೆರಡೂ ಇಲ್ಲದೆ ಶುರುಮಾಡಬೇಡಿ. ಫಿಲ್ಟರ್ ಮುಚ್ಚಳಕ್ಕೆ 36 ಮಿ.ಮೀ. ಸಾಕೆಟ್, ಎಣ್ಣೆ ಎಳೆಯಲು ದಪ್ಪ ಸಿರಿಂಜು ಮತ್ತು ಸಣ್ಣ ಪ್ಲಾಸ್ಟಿಕ್ ನಳಿಕೆ, ಟಾರ್ಕ್ ವ್ರೆಂಚ್ ಬೇಕು.

ಮೂತಿ ಬಿಚ್ಚುವುದು

ಎಂಜಿನ್ ಪೂರ್ತಿ ತಣ್ಣಗಿರಲಿ. ಡಿಕ್ಕಿಯ ನೆಲಹಾಸು ಎತ್ತಿ ಬ್ಯಾಟರಿಯ ಮೈನಸ್ ತೆಗೆಯಿರಿ. ಬಾಗಿಲ ಗಾಜಿಗೆ ಇಲ್ಲಿ ಫ್ರೇಮ್ ಇಲ್ಲ, ಬಾಗಿಲು ತೆರೆದಾಗ ಗಾಜು ತಾನಾಗಿ ತುಸು ಕೆಳಗಿಳಿಯಬೇಕು. ಕರೆಂಟು ಇಲ್ಲದಾಗ ಅದು ಇಳಿಯುವುದಿಲ್ಲ, ಬಾಗಿಲನ್ನು ಬಲವಾಗಿ ಎಳೆದು ಹಾಕಿದರೆ ಮೇಲಿನ ರಬ್ಬರಿಗೆ ಪೆಟ್ಟು. ಆದ್ದರಿಂದ ಬ್ಯಾಟರಿ ತೆಗೆಯುವ ಮೊದಲೇ ಎರಡೂ ಗಾಜನ್ನು ಅರ್ಧ ಇಳಿಸಿಡಿ.

ಗಾಡಿಯನ್ನು ಸ್ಟ್ಯಾಂಡಿನ ಮೇಲೆ ಕೂರಿಸಿ, ಮುಂದಿನ ಎರಡೂ ಚಕ್ರ ಕಳಚಿ. ಬರೀ ಜಾಕಿಯನ್ನು ನಂಬಬೇಡಿ. ಚಕ್ರದ ಕಮಾನಿನ ಕಪ್ಪು ಪಟ್ಟಿ ಮತ್ತು ಒಳಗಿನ ಪ್ಲಾಸ್ಟಿಕ್ ಲೈನರಿನ ಮುಂದಿನ ಅರ್ಧದ ಸ್ಕ್ರೂ ಬಿಚ್ಚಿದರೆ ಬಂಪರಿನ ಪಕ್ಕದ ಸ್ಕ್ರೂ ಸಿಗುತ್ತವೆ. ಕಪ್ಪು ಪಟ್ಟಿಯ ಕ್ಲಿಪ್ಪುಗಳು ವಯಸ್ಸಾದ ಗಾಡಿಯಲ್ಲಿ ಮುರಿದೇ ಮುರಿಯುತ್ತವೆ, ಒಂದು ಪೊಟ್ಟಣ ಹೊಸದನ್ನು ಕೈಯಲ್ಲಿಟ್ಟುಕೊಳ್ಳಿ. ಕೆಳಗಿನ ಮತ್ತು ಮೇಲಿನ ಸ್ಕ್ರೂ ತೆಗೆದು ಬಂಪರನ್ನು ಮುಂದಕ್ಕೆ ಎಳೆಯುವ ಮುನ್ನ ಫಾಗ್ ಲೈಟಿನ ಕನೆಕ್ಟರ್ ಮತ್ತು ಹೊರಗಿನ ಉಷ್ಣಾಂಶ ಅಳೆಯುವ ಪುಟ್ಟ ಸೆನ್ಸರನ್ನು ಬಿಡಿಸಿ.

ಹೆಡ್‌ಲೈಟ್‌ಗಳ ಗೋಜು ಇಲ್ಲ. ಆರ್53ರಲ್ಲಿ ಅವು ಬಾನೆಟ್ಟಿಗೇ ಸೇರಿವೆ, ಬಾನೆಟ್ ಎತ್ತಿದರೆ ಅವೂ ಮೇಲೇಳುತ್ತವೆ. ದುಂಡು ಕಣ್ಣಿನ ಸುತ್ತ ಎಲ್ಲೂ ಗೀಟು ಕಾಣಬಾರದು ಎಂದು ಬಾನೆಟ್, ಮಡ್‌ಗಾರ್ಡಿನ ಮೇಲುಭಾಗ ಎರಡನ್ನೂ ಒಂದೇ ದೊಡ್ಡ ತಗಡಾಗಿ ಒತ್ತಿದ್ದಾರೆ. ನೋಡಲು ಬಹಳ ಚೆಂದ, ಮೆಕ್ಯಾನಿಕ್‌ಗೂ ಅನುಕೂಲ. ಆದರೆ ಪಾರ್ಕಿಂಗಿನಲ್ಲಿ ಸಣ್ಣ ಪೆಟ್ಟು ಬಿದ್ದರೆ ಹೋಗುವುದು ಈ ಇಡೀ ತಗಡು. 2006ರ ಕೊನೆಗೆ ಬಂದ ಎರಡನೆಯ ತಲೆಮಾರಿನ ಆರ್56ರಲ್ಲಿ ಲೈಟನ್ನು ಬಾನೆಟ್ಟಿನಿಂದ ಬೇರ್ಪಡಿಸಿ ದೇಹಕ್ಕೆ ಕೂರಿಸಿದರು.

ಬಂಪರ್ ಹೋದ ಮೇಲೆ ಅಡ್ಡ ಬೀಮ್ ಕಾಣುತ್ತದೆ. ಅದರ ಹಿಂದೆ ಎರಡು ಬದಿಗೆ ಪೆಟ್ಟು ನುಂಗುವ ಟ್ಯೂಬು. ಬೀಮ್ ತೆಗೆದಾಗ ಈ ಟ್ಯೂಬುಗಳನ್ನು ಪಕ್ಕದಿಂದ ನೋಡಿ: ಸುಕ್ಕು ಬಿದ್ದಿದ್ದರೆ ಗಾಡಿ ಎಲ್ಲೋ ಗುದ್ದಿಸಿಕೊಂಡಿದೆ ಎಂದರ್ಥ, ಬದಲಿಸಿ. ಈಗ ರೇಡಿಯೇಟರ್, ಕಂಡೆನ್ಸರ್, ಫ್ಯಾನ್ ಮೂರನ್ನೂ ಹೊತ್ತ ಮುಂದಿನ ಫ್ರೇಮಿನ ಬೋಲ್ಟುಗಳನ್ನು ಬಿಚ್ಚಿ, ಅವುಗಳ ಜಾಗಕ್ಕೆ ಉದ್ದನೆಯ ಗೈಡ್ ಬೋಲ್ಟ್ ಹಾಕಿ, ಇಡೀ ಫ್ರೇಮನ್ನು ಅದರ ಮೇಲೆ ಮುಂದಕ್ಕೆ ಜಾರಿಸಬೇಕು. ಇದಕ್ಕೇ ಸರ್ವೀಸ್ ಪೊಸಿಷನ್ ಎನ್ನುವುದು. ಮೂತಿಯಲ್ಲಿ ಜಾಗ ಬಿಡಲಾಗದ ವಿನ್ಯಾಸಕ್ಕೆ ಎಂಜಿನಿಯರ್‌ಗಳು ಕೊಟ್ಟ ಉತ್ತರ ಇದು. ಎಸಿ ಗ್ಯಾಸ್ ಬಿಡಬೇಕಿಲ್ಲ, ಪೈಪುಗಳು ಅಷ್ಟು ಬಾಗುತ್ತವೆ. ಆದರೆ ಪೈಪ್ ಎಲ್ಲೂ ಜಗ್ಗದಂತೆ ಕಣ್ಣಿಟ್ಟು ಎಳೆಯಿರಿ. ಅದಕ್ಕೂ ಮುಂಚೆ ರೇಡಿಯೇಟರಿನ ಕೆಳಗಿನ ಹೋಸ್ ಬಿಚ್ಚಿ ಕೂಲೆಂಟ್ ಇಳಿಸಿ. ಅಗಲವಾದ ತಟ್ಟೆ ಇಡಿ, ಅದು ಒಂದೇ ಕಡೆ ಬೀಳುವುದಿಲ್ಲ. ಸಿಹಿ ವಾಸನೆಗೆ ನಾಯಿ, ಬೆಕ್ಕು ಬಂದು ನೆಕ್ಕಿದರೆ ಸಾಯುತ್ತವೆ, ಚೆಲ್ಲಿದ್ದನ್ನು ಕೂಡಲೇ ತೊಳೆಯಬೇಕು.

ಸೂಪರ್‌ಚಾರ್ಜರ್ ಹೊರಗೆ

ಮೇಲಿನಿಂದ ಶುರು. ಇಂಟರ್‌ಕೂಲರಿನ ಎರಡು ಬದಿಯ ಬೂಟಿನ ಕ್ಲಾಂಪ್ ಬಿಚ್ಚಿ ಅದನ್ನು ಎತ್ತಿ. ಒಳಗೆ ತೆಳುವಾಗಿ ಎಣ್ಣೆ ಪಸೆ ಇರುವುದು ಸಹಜ, ಎಣ್ಣೆ ಸುರಿದರೆ ಸಹಜವಲ್ಲ. ಬೂಟುಗಳನ್ನು ಬೆಳಕಿಗೆ ಹಿಡಿದು ಮಡಿಕೆಗಳನ್ನು ಬಿಡಿಸಿ ನೋಡಿ. ಕೂದಲೆಳೆಯಷ್ಟು ಬಿರುಕು ಸಾಕು, ಬೂಸ್ಟ್ (ಒತ್ತಿ ಕಳಿಸಿದ ಗಾಳಿ) ಅಲ್ಲಿಂದಲೇ ಸೋರುತ್ತದೆ. ಇಂಟರ್‌ಕೂಲರ್ ಹೋದಾಗ ಸ್ಪಾರ್ಕ್ ಪ್ಲಗ್‌ಗಳೂ ಬಯಲಾಗುತ್ತವೆ. ಹೊಸ ಪ್ಲಗ್ಗನ್ನು ಕೈಯಲ್ಲೇ ತಿರುಗಿಸಿ ಕೂರಿಸಿ, ಆಮೇಲೆ 27 ನ್ಯೂಟನ್ ಮೀಟರ್. ಹೆಡ್ ಅಲ್ಯುಮಿನಿಯಂ, ಮೊದಲ ಸುತ್ತಿನಿಂದಲೇ ಸ್ಪ್ಯಾನರ್ ಹಾಕಿದರೆ ಥ್ರೆಡ್ ಹೋಗುತ್ತದೆ. ತೆರೆದ ಬಾಯಿಗಳಿಗೆಲ್ಲ ಶುಭ್ರವಾದ ಬಟ್ಟೆ ತುರುಕಿ, ಒಂದು ವಾಷರ್ ಒಳಗೆ ಬಿದ್ದರೆ ಸೂಪರ್‌ಚಾರ್ಜರಿನ ರೋಟರ್ (ಗಾಳಿ ತಳ್ಳುವ ತಿರುಗು ರೆಕ್ಕೆ) ಮುಗಿದಂತೆ.

ಏರ್ ಫಿಲ್ಟರ್ ಪೆಟ್ಟಿಗೆ ತೆಗೆಯುವಾಗ ಎಂಜಿನ್ ಕಂಪ್ಯೂಟರಿನ ಕನೆಕ್ಟರುಗಳನ್ನು ಅವುಗಳ ಚಿಲಕ ಸರಿಸಿಯೇ ಎಳೆಯಿರಿ. ನಂತರ ಬಲಗಡೆ ಬಂದು ಬೆಲ್ಟ್ ಟೆನ್ಷನರನ್ನು ಸನ್ನೆಯಿಂದ ಒತ್ತಿ, ರಂಧ್ರಕ್ಕೆ ಪಿನ್ ಹಾಕಿ ನಿಲ್ಲಿಸಿ ಬೆಲ್ಟ್ ತೆಗೆಯಿರಿ. ಟೆನ್ಷನರಿನ ಡ್ಯಾಂಪರಿನಲ್ಲಿ ಎಣ್ಣೆ ಒಸರಿದ ಗುರುತಿದ್ದರೆ ಅದರ ಕಾಲ ಮುಗಿದಿದೆ. ಕ್ರ್ಯಾಂಕ್ ಪುಲ್ಲಿಯನ್ನೂ ಈಗಲೇ ನೋಡಿ: ಒಳಗಿನ ಹಬ್ ಮತ್ತು ಹೊರಗಿನ ಉಂಗುರದ ನಡುವೆ ರಬ್ಬರ್ ಪದರ ಇದೆ. ರಬ್ಬರ್ ಬಿಟ್ಟುಕೊಂಡರೆ ಉಂಗುರ ವಾಲುತ್ತದೆ, ಬೆಲ್ಟಿನ ಅಂಚು ನಾರುನಾರಾಗುತ್ತದೆ. ಎಷ್ಟು ಬೆಲ್ಟ್ ಹಾಕಿದರೂ ಉಳಿಯದ ಗಾಡಿಗಳಲ್ಲಿ ಮೊದಲು ಅನುಮಾನಿಸಬೇಕಾದದ್ದು ಇದನ್ನು.

ಥ್ರಾಟಲ್ ಬಾಡಿ, ಗಾಳಿ ಡಕ್ಟು, ಬೈಪಾಸ್ ವಾಲ್ವಿನ ನಳಿಕೆ, ವಾಟರ್ ಪಂಪಿಗೆ ಬರುವ ಹೋಸುಗಳು ಬಿಡಿಸಿದ ಮೇಲೆ ಉಳಿಯುವುದು ಸೂಪರ್‌ಚಾರ್ಜರಿನ ಬೋಲ್ಟುಗಳು. ಬೋಲ್ಟುಗಳ ಉದ್ದ ಬೇರೆ ಬೇರೆ. ರಟ್ಟಿನ ಮೇಲೆ ಸೂಪರ್‌ಚಾರ್ಜರಿನ ಆಕಾರ ಗೀಚಿ, ಆಯಾ ತೂತಿನ ಜಾಗಕ್ಕೆ ಆಯಾ ಬೋಲ್ಟ್ ಚುಚ್ಚಿಡಿ. ಪಂಪು ಬ್ಲಾಕಿಗೆ ಸೇರುವಲ್ಲಿ ಓ-ರಿಂಗ್ ಹಿಡಿದಿರುತ್ತದೆ, ಮೆಲ್ಲಗೆ ಆಚೀಚೆ ಅಲ್ಲಾಡಿಸಿದರೆ ಬಿಡುತ್ತದೆ. ಸನ್ನೆ ಹಾಕಿ ಮೀಟಬೇಡಿ, ಅಲ್ಯುಮಿನಿಯಂ ಮೈಗೆ ಗೀರು ಬಿದ್ದರೆ ಹೊಸ ಓ-ರಿಂಗೂ ಸೋರುತ್ತದೆ. ಸೂಪರ್‌ಚಾರ್ಜರ್ ಮತ್ತು ಪಂಪು ಒಟ್ಟಿಗೇ ಹೊರಬರುತ್ತವೆ. ಭಾರ ಇದೆ, ಎರಡೂ ಕೈ ಬೇಕು.

ಬೆಂಚಿನ ಮೇಲೆ

ಪಂಪನ್ನು ಬಿಡಿಸಿದಾಗ ಅದರ ಶಾಫ್ಟಿಗೂ ಗೇರ್ ಪೆಟ್ಟಿಗೆಗೂ ನಡುವೆ ಒಂದಕ್ಕೊಂದು ಹಲ್ಲು ಕಚ್ಚಿಕೊಳ್ಳುವ ಜೋಡಣೆ ಕಾಣುತ್ತದೆ. ಈ ಗಾಡಿಯಲ್ಲಿ ಆ ಹಲ್ಲುಗಳ ಒಂದು ಮೈ ಹೊಳಪಾಗಿ, ಅಂಚು ದುಂಡಗಾಗಿತ್ತು. ಸುತ್ತ ಕಂದು ಬಣ್ಣದ ಒಣಪುಡಿ. ಲೋಹ ಲೋಹಕ್ಕೆ ಉಜ್ಜಿ ಉದುರಿದ್ದು ಅದು. ಪಂಪಿನ ಕೆಳಗಿನ ಸಣ್ಣ ರಂಧ್ರದಲ್ಲಿ ಒಣಗಿದ ನೀಲಿ ಗೆರೆಯೂ ಇತ್ತು. ಸೀಲ್ ಸೋರಿದಾಗ ಕೂಲೆಂಟ್ ಹೊರಹೋಗಲೆಂದೇ ಇಟ್ಟ ರಂಧ್ರ ಅದು. ಕಾಣದೆ ಹೋದ ಕೂಲೆಂಟಿನ ಒಂದು ಪಾಲು ಬಿಸಿ ಬ್ಲಾಕಿನ ಮೇಲೆ ಹನಿದು ಆವಿಯಾಗುತ್ತಿದ್ದದ್ದು ಇಲ್ಲಿಂದ.

ಗೇರ್ ಪೆಟ್ಟಿಗೆಯ ಪ್ಲಗ್ ತೆಗೆದು ಸಿರಿಂಜಿನಿಂದ ಎಳೆದರೆ ಬಂದದ್ದು ಕೆಲವೇ ಮಿ.ಲೀ., ಮಸಿಯಂಥ ಕಪ್ಪು ಎಣ್ಣೆ. ಬಿಳಿ ಕಾಗದದ ಮೇಲೆ ಒಂದು ಹನಿ ಬಿಟ್ಟು ಹರಡಿ, ಟಾರ್ಚ್ ಹಿಡಿದು ನೋಡಬೇಕು. ನಯವಾದ ಬೂದು ಮಿಂಚು ಇದ್ದರೆ ಸಾಮಾನ್ಯ ಸವೆತ. ಉಗುರಿಗೆ ತಾಗುವಷ್ಟು ಚೂರು ಇದ್ದರೆ ಗೇರೇ ಹೋಗಿದೆ. ಆಗ ಎಣ್ಣೆ ಬದಲಿಸಿ ಮುಚ್ಚುವುದರಲ್ಲಿ ಅರ್ಥವಿಲ್ಲ, ದುರಸ್ತಿಯಾದ ಸೂಪರ್‌ಚಾರ್ಜರೇ ಬೇಕು. ಇಲ್ಲಿ ಚೂರು ಇರಲಿಲ್ಲ. ಮೊದಲು ಸ್ವಲ್ಪ ಹೊಸ ಎಣ್ಣೆ ಹಾಕಿ, ಪುಲ್ಲಿಯನ್ನು ಕೈಯಲ್ಲಿ ತಿರುಗಿಸಿ, ಅದನ್ನೂ ಎಳೆದು ತೆಗೆದು, ಆಮೇಲೆ ಭರ್ತಿ ಮಾಡುವುದು ಒಳ್ಳೆಯ ಕ್ರಮ. ಮೂಲೆಯಲ್ಲಿ ಕೂತ ಕೊಳೆ ಹೀಗೆ ಮಾತ್ರ ಬರುತ್ತದೆ.

ಪುಲ್ಲಿ ಕಡೆಯ ಮೂಗಿನಲ್ಲಿ ಇನ್ನೊಂದು ಬೇರೆಯೇ ಎಣ್ಣೆ ಕೋಣೆ ಇದೆ. ಎರಡರ ನಡುವೆ ದಾರಿ ಇಲ್ಲ, ಒಂದಕ್ಕೆ ಹಾಕಿದ್ದು ಇನ್ನೊಂದಕ್ಕೆ ಹೋಗುವುದಿಲ್ಲ. ಮೂಗಿನ ಕಡೆ ಮಾತ್ರ ಬದಲಿಸಿ ಕೆಲಸ ಮುಗಿಯಿತೆಂದು ಮುಚ್ಚಿದ ಗಾಡಿಗಳು ಎಷ್ಟೋ ಇವೆ, ಅಪಾಯ ಇರುವುದು ಇನ್ನೊಂದು ತುದಿಯಲ್ಲಿ. ಎರಡನ್ನೂ ತುಂಬುವಾಗ ಸೂಪರ್‌ಚಾರ್ಜರನ್ನು ಗಾಡಿಯಲ್ಲಿ ಕೂರುವ ಭಂಗಿಯಲ್ಲೇ ಇಟ್ಟು, ಪ್ಲಗ್ಗಿನ ಥ್ರೆಡ್ಡಿನ ಕೆಳಂಚಿನವರೆಗೆ ಮಾತ್ರ ಎಣ್ಣೆ ಬಿಡಬೇಕು. ಹೆಚ್ಚಾದರೆ ಬಿಸಿಗೆ ಹಿಗ್ಗಿ ಸೀಲನ್ನು ದೂಡಿ ರೋಟರ್ ಕೋಣೆಗೆ ಇಳಿಯುತ್ತದೆ, ಅಲ್ಲಿಂದ ಇಂಟರ್‌ಕೂಲರಿಗೆ. ಮಿ.ಲೀ. ಲೆಕ್ಕಕ್ಕಿಂತ ಈ ಮಟ್ಟವೇ ನಂಬಿಕೆಗೆ ಯೋಗ್ಯ, ಯಾಕೆಂದರೆ ಹಳೆಯದು ಒಳಗೆ ಎಷ್ಟು ಉಳಿದಿದೆ ಎಂಬುದರ ಮೇಲೆ ಅಳತೆ ಬದಲಾಗುತ್ತದೆ.

ಇನ್ನು ಐಡಲ್ ಕಟಕಟ. ಪುಲ್ಲಿಯನ್ನು ಬೆರಳಿನಲ್ಲಿ ಹಿಂದೆ ಮುಂದೆ ಸ್ವಲ್ಪವೇ ಆಡಿಸಿದಾಗ ಟಕ್ ಎಂದರೆ ಮೂಗಿನೊಳಗಿನ ಕಪ್ಲರ್ (ಪುಲ್ಲಿಯನ್ನು ರೋಟರುಗಳಿಗೆ ಸೇರಿಸುವ ಜೋಡಣೆ) ಸಡಿಲ. ಮೇಲೆ ಕೆಳಗೆ ಆಡಿದರೆ ಬೇರಿಂಗ್. ಕಪ್ಲರ್ ಸದ್ದು ಕಿವಿಗೆ ಹಿಂಸೆ, ಯಂತ್ರಕ್ಕೆ ಅಷ್ಟು ಹಾನಿ ಇಲ್ಲ. ಬೇರಿಂಗ್ ಆಟವಿದ್ದರೆ ಹಾಗೇ ಓಡಿಸಬಾರದು. ಇಲ್ಲಿ ಕಪ್ಲರ್. ಮೂಗು ಬಿಚ್ಚಿ ಬದಲಿಸಿ, ಹೊಸ ಸೀಲಂಟ್ ತೆಳುವಾಗಿ ಹಚ್ಚಿ ಕೂರಿಸಿದ್ದು. ಸೀಲಂಟ್ ದಪ್ಪ ಹಚ್ಚಿದರೆ ಉಬ್ಬಿ ಒಳಗೆ ಉದುರುತ್ತದೆ. ರೋಟರುಗಳ ಮೇಲಿನ ಲೇಪ ಅಂಚಿನಲ್ಲಿ ಸವೆದಿರುವುದು ವಯಸ್ಸಿಗೆ ಸಹಜ; ಒಂದು ರೋಟರ್ ಇನ್ನೊಂದಕ್ಕೆ ತಾಗಿದ ಗೀರು ಇರಬಾರದು.

ಬೈಪಾಸ್ ವಾಲ್ವಿನ ಕಡ್ಡಿಯನ್ನು ಕೈಯಲ್ಲಿ ಒತ್ತಿ ಬಿಡಿ, ಅಡೆತಡೆಯಿಲ್ಲದೆ ಹಿಂದಕ್ಕೆ ಬರಬೇಕು. ಐಡಲ್‌ನಲ್ಲಿ ವ್ಯಾಕ್ಯೂಮ್ ಇದನ್ನು ತೆರೆದಿಡುತ್ತದೆ, ಗಾಳಿ ಸುಮ್ಮನೆ ಒಳಗೇ ಸುತ್ತುತ್ತದೆ. ರೇಸ್ ಕೊಟ್ಟಾಗ ಮುಚ್ಚಿ ಬೂಸ್ಟ್ ಏರುತ್ತದೆ. ಇದು ಅಂಟಿಕೊಂಡಿದ್ದರೆ ನಿಧಾನವಾಗಿ ಹೋಗುವಾಗ ಗಾಡಿ ಜಗ್ಗಿ ಜಗ್ಗಿ ಓಡುತ್ತದೆ.

ಸಂದಿನಲ್ಲಿ ಉಳಿದದ್ದು

ಸೂಪರ್‌ಚಾರ್ಜರ್ ಇಲ್ಲದ ಬ್ಲಾಕಿನ ಮುಂಭಾಗ ಹೀಗೆ ಬಯಲಾಗುವುದು ಅಪರೂಪ. ಮೊದಲು ಡಿಗ್ರೀಸರ್ ಹಾಕಿ ಒರೆಸಿ, ಎಣ್ಣೆ ಎಲ್ಲಿಂದ ಇಳಿದಿದೆ ಎಂದು ಮೇಲಿನಿಂದ ಕೆಳಕ್ಕೆ ಹುಡುಕಬೇಕು. ಆರ್53ರಲ್ಲಿ ಸಂಪ್ ಗ್ಯಾಸ್ಕೆಟ್ ಸೋರುತ್ತಿದೆ ಎಂದು ತೀರ್ಪು ಕೊಟ್ಟ ಕಡೆ ನಿಜವಾದ ಅಪರಾಧಿ ಬಹಳ ಸಲ ಕ್ರ್ಯಾಂಕ್ ಸೆನ್ಸರಿನ ಓ-ರಿಂಗ್. ಸೆನ್ಸರ್ ಬ್ಲಾಕಿನ ಮುಂಭಾಗದಲ್ಲಿ ಕೆಳಗಿದೆ; ಅಲ್ಲಿಂದ ಇಳಿದ ಎಣ್ಣೆ ಸಂಪಿನ ಅಂಚಿನುದ್ದಕ್ಕೂ ಹರಿದು, ಗ್ಯಾಸ್ಕೆಟ್ಟೇ ಒಸರಿದಂತೆ ತೋರುತ್ತದೆ. ಇಲ್ಲಿಯೂ ಅದೇ. ಹೊರತೆಗೆದ ಉಂಗುರ ದುಂಡಗಿರಲಿಲ್ಲ, ಚಪ್ಪಟೆಯಾಗಿ ಗಡುಸಾಗಿ, ಬಗ್ಗಿಸಿದಾಗ ಲಟ್ಟೆಂದು ಮುರಿಯಿತು. ಹೊಸದಕ್ಕೆ ಎಣ್ಣೆ ಸವರಿ ಕೂರಿಸಿದರೆ ಮುಗಿಯಿತು. ಇಷ್ಟು ಅಗ್ಗದ ಉಂಗುರಕ್ಕಾಗಿ ಸಂಪ್ ಇಳಿಸುವ ಕೂಲಿ ಕೊಡಬೇಡಿ.

ಆಯಿಲ್ ಫಿಲ್ಟರ್ ಹೌಸಿಂಗಿನ ಗ್ಯಾಸ್ಕೆಟ್ಟೂ ಇದೇ ಜಾಗದ್ದು, ಅದೂ ಬಿಸಿಗೆ ಗಟ್ಟಿಯಾಗಿ ಒಸರುತ್ತದೆ. ಬದಲಿಸಿ, ಹೊಸ ಫಿಲ್ಟರ್ ಹಾಕಿ, ಮುಚ್ಚಳವನ್ನು 25 ನ್ಯೂಟನ್ ಮೀಟರಿಗೆ ಬಿಗಿ ಮಾಡಿ. ಸಂಪಿನ ಡ್ರೈನ್ ಪ್ಲಗ್ಗಿಗೂ ಅಷ್ಟೇ.

ಥರ್ಮೋಸ್ಟಾಟ್ ಹೌಸಿಂಗ್ ಹೆಡ್ಡಿನ ಎಡತುದಿಯಲ್ಲಿದೆ. ಪ್ಲಾಸ್ಟಿಕ್. ವರ್ಷಗಟ್ಟಲೆ ಬಿಸಿ ತಿಂದು ಮೈ ಸೊಟ್ಟಗಾಗುತ್ತದೆ, ಗ್ಯಾಸ್ಕೆಟ್ ಹೊಸದಾದರೂ ಕೂರುವುದಿಲ್ಲ. ಈಗ ಅಲ್ಯುಮಿನಿಯಂ ಹೌಸಿಂಗ್ ಸಿಗುತ್ತದೆ, ಅದನ್ನೇ ಹಾಕಿ. ಎಕ್ಸ್‌ಪಾನ್ಷನ್ ಟ್ಯಾಂಕಿನ ಎರಡು ಅರ್ಧ ಸೇರುವ ಗೆರೆಯಲ್ಲೂ ಬಿರುಕು ಬರುತ್ತದೆ. ಗೆರೆಯ ಸುತ್ತ ನೀಲಿ ಅಥವಾ ಬಿಳಿ ಪುಡಿ ಕಂಡರೆ ಅಂಟು ಹಚ್ಚುವ ಗೊಡವೆಗೆ ಹೋಗದೆ ಟ್ಯಾಂಕ್ ಬದಲಿಸಿ.

ಫ್ಯಾನ್ ತಡವಾಗಿ ಬರುವುದಕ್ಕೆ ಕಾರಣ ರೆಸಿಸ್ಟರ್. ಫ್ಯಾನಿಗೆ ಎರಡು ವೇಗ. ನಿಧಾನದ ವೇಗಕ್ಕೆ ಕರೆಂಟು ರೆಸಿಸ್ಟರಿನ ಮೂಲಕ ಹೋಗುತ್ತದೆ. ಅದು ಸುಟ್ಟರೆ ನಿಧಾನದ ವೇಗ ಇಲ್ಲವೇ ಇಲ್ಲ, ಎಂಜಿನ್ ಇನ್ನೂ ಬಿಸಿಯಾದ ಮೇಲೆ ಜೋರಿನ ವೇಗ ಮಾತ್ರ ಕೆಲಸ ಮಾಡುತ್ತದೆ. ಪರೀಕ್ಷೆ ಸುಲಭ: ಎಂಜಿನ್ ಓಡುತ್ತಿರುವಾಗ ಎಸಿ ಹಾಕಿ, ಫ್ಯಾನ್ ನಿಧಾನವಾಗಿ ತಿರುಗಬೇಕು. ತಿರುಗದಿದ್ದರೆ ಇಡೀ ಫ್ಯಾನ್ ಕೊಳ್ಳುವ ಮೊದಲು ರೆಸಿಸ್ಟರ್ ಬದಲಿಸಿ ನೋಡಿ. ಫ್ರೇಮ್ ಮುಂದೆ ಬಂದಿರುವಾಗ ಇದು ಅತಿ ಸುಲಭದ ಕೆಲಸ. ಸೆಕೆಯ ಊರಿನಲ್ಲಿ ಓಡುವ ಗಾಡಿಗೆ ಇದನ್ನು ನಾಳೆಗೆ ಬಿಡಲೇಬಾರದು.

ಜೋಡಣೆ

ಹಿಂದಿನ ಕ್ರಮಕ್ಕೆ ತಲೆಕೆಳಗು. ಪಂಪು ಮತ್ತು ಸೂಪರ್‌ಚಾರ್ಜರನ್ನು ಬೆಂಚಿನ ಮೇಲೆಯೇ ಸೇರಿಸಿ, ಹಲ್ಲುಗಳು ಸರಿಯಾಗಿ ಕಚ್ಚಿವೆಯೇ ಎಂದು ಪುಲ್ಲಿ ತಿರುಗಿಸಿ ಪಂಪಿನ ರೆಕ್ಕೆ ತಿರುಗುವುದನ್ನು ಕಣ್ಣಾರೆ ನೋಡಿ. ಬ್ಲಾಕಿಗೆ ಸೇರುವ ಓ-ರಿಂಗಿಗೆ ಎಣ್ಣೆ ಬೇಡ, ಕೂಲೆಂಟ್ ಸವರಿ. ಎಲ್ಲ ಬೋಲ್ಟನ್ನೂ ಕೈಯಲ್ಲಿ ಹಿಡಿಸಿದ ಮೇಲೆಯೇ ಒಂದೊಂದಾಗಿ ಬಿಗಿ ಮಾಡುತ್ತಾ ಹೋಗಿ.

ಕೂಲೆಂಟ್ ತುಂಬುವಾಗ ಹೀಟರ್ ಪೂರ್ತಿ ಬಿಸಿಗೆ ತಿರುಗಿಸಿ, ಹೋಸುಗಳ ಮೇಲಿನ ಒಳಗಿನ ಗಾಳಿ ಬಿಡುವ ಪ್ಲಾಸ್ಟಿಕ್ ಬ್ಲೀಡ್ ಸ್ಕ್ರೂಗಳನ್ನು ಸಡಿಲಿಸಿ. ಈ ಸ್ಕ್ರೂಗಳ ತಲೆ ಮುರಿಯುವುದು ಸರ್ವೇಸಾಮಾನ್ಯ, ಅಗಲ ಬಾಯಿಯ ಸ್ಕ್ರೂಡ್ರೈವರ್ ಹಾಕಿ, ಬಲ ಬೇಡ. ಗುಳ್ಳೆ ನಿಂತು ಒಂದೇ ಧಾರೆಯಾಗಿ ಕೂಲೆಂಟ್ ಬಂದ ಮೇಲೆ ಮುಚ್ಚಿ. ಒಟ್ಟು ಸುಮಾರು 6 ಲೀಟರ್ ಹಿಡಿಯಬೇಕು. ಐದೂ ಹಿಡಿಯದೆ ತುಂಬಿತೆಂದರೆ ಒಳಗೆ ಗಾಳಿ ಕೂತಿದೆ. ಎಂಜಿನ್ ಎಣ್ಣೆ ತುಂಬಿ, ಬ್ಯಾಟರಿ ಜೋಡಿಸಿ, ಮೂತಿ ಮುಚ್ಚುವ ಮೊದಲೇ ಎಂಜಿನ್ ಹಚ್ಚಿ, ಥರ್ಮೋಸ್ಟಾಟ್ ತೆರೆದು ಫ್ಯಾನ್ ಬರುವವರೆಗೆ ಬಿಟ್ಟು, ಹೀಟರಿನಿಂದ ಬಿಸಿಗಾಳಿ ಬರುತ್ತಿದೆಯೇ ನೋಡಿ. ಎಂಜಿನ್ ಬಿಸಿ ಇದ್ದು ಗಾಳಿ ತಣ್ಣಗಿದ್ದರೆ ನೀರು ಓಡುತ್ತಿಲ್ಲ, ಕೂಡಲೇ ಆರಿಸಿ.

ಚಕ್ರದ ಬೋಲ್ಟ್ 120 ನ್ಯೂಟನ್ ಮೀಟರ್. ಇದು 12 ಮಿ.ಮೀ. ಬೋಲ್ಟಿನ ಲೆಕ್ಕ. ನಂತರದ ಮಿನಿಗಳಲ್ಲಿ 14 ಮಿ.ಮೀ. ಬೋಲ್ಟ್, ಅದರ ಲೆಕ್ಕ ಬೇರೆ. ಅಂದಹಾಗೆ, ಮಿನಿ ಭಾರತಕ್ಕೆ ಅಧಿಕೃತವಾಗಿ ಬಂದದ್ದು 2012ರಲ್ಲಿ. ಬೆಂಗಳೂರಿನ ರಸ್ತೆಗಳಲ್ಲಿ ಸಾಮಾನ್ಯವಾಗಿ ಕಾಣುವ ಕೂಪರ್ ಎಸ್‌ಗಳು ನಂತರದ ತಲೆಮಾರಿನ ಟರ್ಬೊ ಗಾಡಿಗಳು, ಈ ಬರಹದ ಸೂಪರ್‌ಚಾರ್ಜರ್ ಭಾಗ ಅವಕ್ಕೆ ಅನ್ವಯಿಸುವುದಿಲ್ಲ.

ಗಾಡಿ ಸ್ಟ್ಯಾಂಡಿನ ಮೇಲಿರುವಾಗಲೇ ನೋಡಬೇಕಾದವು

ಪವರ್ ಸ್ಟಿಯರಿಂಗ್ ಪಂಪು. ಇಲ್ಲಿ ಅದು ವಿದ್ಯುತ್ ಮೋಟಾರಿನದು, ಎಂಜಿನ್ನಿನ ಹಿಂದೆ ಕೆಳಗೆ, ಎಕ್ಸಾಸ್ಟಿನ ಬಿಸಿಗೆ ಹತ್ತಿರ. ಅದನ್ನು ತಣಿಸಲು ಕೆಳಗೊಂದು ಪುಟ್ಟ ಫ್ಯಾನ್. ರಸ್ತೆಯ ಕಲ್ಲು, ಕೆಸರು ನೇರ ಅದಕ್ಕೇ ಬಡಿಯುತ್ತದೆ. ಫ್ಯಾನ್ ಜಾಮ್ ಆದರೆ ಯಾವ ದೀಪವೂ ಹತ್ತುವುದಿಲ್ಲ, ಪಂಪು ಮಾತ್ರ ಬೇಯುತ್ತಾ ಒಂದು ದಿನ ನಿಲ್ಲುತ್ತದೆ, ಸ್ಟಿಯರಿಂಗ್ ಕಲ್ಲಾಗುತ್ತದೆ. 2002ರಿಂದ 2005ರ ಗಾಡಿಗಳನ್ನು ಈ ಪಂಪಿನ ಸಲುವಾಗಿ 2015ರಲ್ಲಿ ಅಮೆರಿಕದಲ್ಲಿ ವಾಪಸ್ ಕರೆಸಿದ್ದರು. ಬೆರಳಿನಿಂದ ಫ್ಯಾನ್ ತಿರುಗಿಸಿ ನೋಡಿ, ಬಿಗಿ ಇದ್ದರೆ ಈಗಲೇ ಬದಲಿಸಿ. ಪಂಪಿನ ಬೆಲೆಯ ಮುಂದೆ ಫ್ಯಾನಿನದು ಏನೂ ಅಲ್ಲ.

ಬಲಗಡೆಯ ಎಂಜಿನ್ ಮೌಂಟ್ ಒಳಗೆ ದ್ರವ ತುಂಬಿದ್ದು. ಸೋರಿದರೆ ಕೆಳಗೆ ಕಪ್ಪು ಅಂಟು, ಗೇರ್ ಬದಲಿಸುವಾಗ ಧಡ್ ಎಂಬ ಸದ್ದು. ಬದಲಿಸುವಾಗ ಸಂಪಿನ ಕೆಳಗೆ ಮರದ ತುಂಡಿಟ್ಟು ಜಾಕಿ ಕೊಡಿ. ಮುಂದಿನ ಕೆಳ ಆರ್ಮಿನ ಹಿಂಬದಿ ಬುಷ್ ಹರಿದಿದ್ದರೆ ಬ್ರೇಕ್ ಹಾಕಿದಾಗ ಮೂತಿ ಒಂದು ಬದಿಗೆ ಅಲೆಯುತ್ತದೆ. ಅದಕ್ಕೆ ಸಬ್‌ಫ್ರೇಮ್ ಇಳಿಸಬೇಕು, ಬೇರೆಯೇ ದೊಡ್ಡ ಕೆಲಸ.

ಕೊನೆಗೆ ಬಾನೆಟ್ ಎತ್ತಿ ಎರಡೂ ಸ್ಟ್ರಟ್ ಟವರಿನ (ಮುಂದಿನ ಸಸ್ಪೆನ್ಷನ್ನಿನ ಮೇಲುತುದಿ ಕೂರುವ ತಗಡು) ಮೇಲೆ ನೇರವಾದ ಸ್ಕೇಲ್ ಇಡಿ. ತಗಡು ಸಮತಟ್ಟಾಗಿರಬೇಕು. ಅಣಬೆಯ ತಲೆಯಂತೆ ಉಬ್ಬಿದ್ದರೆ ಗುಂಡಿಯ ಪೆಟ್ಟು ಸ್ಟ್ರಟ್ಟಿನ ಮೂಲಕ ತಗಡಿಗೇ ತಲುಪಿದೆ. ರನ್‌ಫ್ಲಾಟ್ (ಗಾಳಿ ಹೋದರೂ ಸ್ವಲ್ಪ ದೂರ ಓಡುವ) ಟೈರಿನ ಗೋಡೆ ಅಷ್ಟು ಬಗ್ಗುವುದಿಲ್ಲ, ಹೊಡೆತ ಪೂರ್ತಿ ಮೇಲೇರುತ್ತದೆ. ಸ್ವಲ್ಪ ಉಬ್ಬಿದ್ದರೆ ಸ್ಟ್ರಟ್ ಇಳಿಸಿ, ತಗಡನ್ನು ಮರದ ತುಂಡಿಟ್ಟು ಬಡಿದು ಮಟ್ಟಮಾಡಿ, ದಪ್ಪ ಉಕ್ಕಿನ ಬಲವರ್ಧನೆ ಪ್ಲೇಟ್ ಹಾಕಿ ಮುಚ್ಚಬೇಕು. ಹಾಗೇ ಬಿಟ್ಟರೆ ವೀಲ್ ಅಲೈನ್‌ಮೆಂಟ್ ಎಷ್ಟು ಸಲ ಮಾಡಿಸಿದರೂ ನಿಲ್ಲುವುದಿಲ್ಲ.

ಮೂತಿ ಮುಚ್ಚಿದ ಮೇಲೆ ಗಾಜುಗಳನ್ನು ಪೂರ್ತಿ ಮೇಲೇರಿಸಿ ಸ್ವಿಚ್ಚನ್ನು ಸ್ವಲ್ಪ ಹೊತ್ತು ಹಿಡಿದಿರಿ, ಗಾಜಿನ ಮಿತಿ ಗಾಡಿಗೆ ಮತ್ತೆ ಗೊತ್ತಾಗುತ್ತದೆ. ಬಾನೆಟ್ ಇಳಿಸುವಾಗ ಬಿಡಬೇಡಿ, ಕೈಯಲ್ಲಿ ಹಿಡಿದು ತಂದು ಹೆಡ್‌ಲೈಟಿನ ಕೆಳಗೆ ಬಂಪರಿನ ಅಂಚಿಗೆ ತಾಗುತ್ತದೆಯೇ ನೋಡಿ. ತಾಗಿದರೆ ಬಂಪರ್ ಬೀಮನ್ನು ಸಡಿಲಿಸಿ ಸರಿಪಡಿಸಿ, ಬಾನೆಟ್ಟಿನ ಹಿಂಜನ್ನು ಮುಟ್ಟಬೇಡಿ. ಮೊದಲ 500 ಕಿ.ಮೀ. ಆದಮೇಲೆ ತಣ್ಣಗಿನ ಎಂಜಿನ್ನಿನಲ್ಲಿ ಕೂಲೆಂಟ್ ಮಟ್ಟ, ಬೆಲ್ಟಿನ ಅಂಚು ಮತ್ತು ಕ್ರ್ಯಾಂಕ್ ಸೆನ್ಸರಿನ ಕೆಳಗಿನ ಒಣತನ ನೋಡಬೇಕು. ಎಂಜಿನ್ ಎಣ್ಣೆಯನ್ನು ಎರಡು ಸಲ ಪೆಟ್ರೋಲ್ ತುಂಬಿಸುವುದಕ್ಕೊಮ್ಮೆ ಡಿಪ್‌ಸ್ಟಿಕ್ಕಿನಲ್ಲಿ ಅಳೆಯಿರಿ: ಟ್ರೈಟೆಕ್ ಎಣ್ಣೆ ಕುಡಿಯುವ ಎಂಜಿನ್, ಮಟ್ಟ ಇಳಿದರೆ ಮೊದಲು ಸದ್ದು ಮಾಡುವುದು ಟೈಮಿಂಗ್ ಚೈನಿನ ಟೆನ್ಷನರ್.